ತಿರುಗಿಸದೆ ಉಳಿದ ಎರಡು ಸುತ್ತು

ಇಪ್ಪತ್ತೈದು ವರ್ಷ ಕಾಕಾ ತನ್ನ ಕೈಯನ್ನು ನಂಬಿ ಬದುಕಿದ್ದ. ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಅವನು ಲೇತ್ ಮಷೀನಿನ ಟರ್ನರ್. ಉಕ್ಕಿನ ದಂಡದಿಂದ ಕೂದಲೆಳೆಯಷ್ಟು ಮಾತ್ರ ಕೆತ್ತಬೇಕಾದ ಕೆಲಸ ಬಂದರೆ ಸುಪರ್‌ವೈಸರ್ ಉಳಿದವರನ್ನು ಬಿಟ್ಟು ಅವನನ್ನು ಕರೆಯುತ್ತಿದ್ದ. ಕಾಕಾ ವರ್ನಿಯರ್ ಹಿಡಿಯುವ ಮೊದಲು ದಂಡವನ್ನು ಹೆಬ್ಬೆರಳಿನಿಂದ ಸವರಿ, "ಇನ್ನs ಒಂದ್ ಉಸುರಿನಷ್ಟು ಹೋಗಬೇಕು" ಎನ್ನುತ್ತಿದ್ದ. ಅಳೆದರೆ ಅಷ್ಟೇ ಇರುತ್ತಿತ್ತು. ಆ ನಂಬಿಕೆ ಒಂದು ದಸರೆಯ ಮುಂಜಾನೆ ಹೋಯಿತು. ಹೋಗುವಂತೆ ಮಾಡಿದವಳು ನಾನು. ಅದನ್ನು ಅವನಿಗೆ ಮರಳಿಸಲು ನನ್ನಿಂದ ಆಗಲಿಲ್ಲ.

ನಾವು ಧಾರವಾಡದ ಕಡೆಯವರು. ಅಪ್ಪ ತೀರಿಕೊಂಡಾಗ ಅವನ ತಮ್ಮನಾದ ಕಾಕಾನೇ ಅವ್ವನನ್ನೂ ನನ್ನನ್ನೂ ಗೋವಾಕ್ಕೆ ಕರೆತಂದು, ಫೋಂಡಾದಲ್ಲಿ ತಾನಿದ್ದ ಚಾಳಿನಲ್ಲೇ ಪಕ್ಕದ ಖೋಲಿ ಹಿಡಿದುಕೊಟ್ಟ. ಅವನಿಗೆ ಮದುವೆಯಾಗಿರಲಿಲ್ಲ. ಊಟ ನಮ್ಮಲ್ಲಿ, ಮಲಗುವುದು ಅವನ ಖೋಲಿಯಲ್ಲಿ. ನನ್ನನ್ನು ಧಾರವಾಡದ ಹಾಸ್ಟೆಲಿನಲ್ಲಿಟ್ಟು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿಸಿದವನೂ ಅವನೇ. ಓದು ಮುಗಿಸಿ ಮರಳಿ ಬಂದು ನಾನು ಹೈಸ್ಕೂಲಿನ ಮಕ್ಕಳಿಗೆ ಟ್ಯೂಶನ್ ಹೇಳತೊಡಗಿದ್ದೆ. ಹೊಸ ಶತಮಾನ ಶುರುವಾಗಿ ಐದಾರು ವರ್ಷವಾಗಿದ್ದಿರಬೇಕು.

ಕಾಕಾನಿಗೆ ವಿಮಾನದ ಹುಚ್ಚು ಹಿಡಿದದ್ದು ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ. ಕಾರ್ಖಾನೆಗೆ ಸೇರುವ ಮೊದಲು ಅವನು ಅಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಫಿಟ್ಟರ್ ಆಗಿದ್ದ. ಊಟದ ಡಬ್ಬಿ ಹಿಡಿದುಕೊಂಡು ತಂತಿಬೇಲಿಯ ಹೊರಗೆ ಕೂತು ಏರುವ ಇಳಿಯುವ ವಿಮಾನಗಳನ್ನು ನೋಡುತ್ತಿದ್ದನಂತೆ. ವರ್ಗವಾಗಿ ಹೊರಟ ಯಾರೋ ಒಬ್ಬರಿಂದ ಹಳೆಯ ರಿಮೋಟ್ ಒಂದು ಅವನ ಕೈಗೆ ಬಂತು. ಉದ್ದನೆಯ ಏರಿಯಲ್, ಎರಡು ಸ್ಟಿಕ್ಕು, ಪ್ರತಿ ಸ್ಟಿಕ್ಕಿನ ಪಕ್ಕ ಮತ್ತು ಕೆಳಗೆ ಉಗುರಿನಷ್ಟು ಅಗಲದ ಜಾರುವ ಲಿವರ್. ವಿಮಾನವನ್ನು ಮಾತ್ರ ಅವನು ತಾನೇ ಕಟ್ಟಿದ, ಹಗುರ ಬಾಲ್ಸಾ ಕಟ್ಟಿಗೆಯಿಂದ. ಒಂದೂವರೆ ಮೀಟರ್ ಅಗಲದ ರೆಕ್ಕೆ, ಮುಷ್ಟಿಗಿಂತ ಚಿಕ್ಕ ಎಂಜಿನ್. ಅದು ತಿರುಗಿದರೆ ಸುಟ್ಟ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಅವ್ವ ಆ ವಾಸನೆಗೆ ಮೂಗು ಮುಚ್ಚಿ, "ನಿಮ್ಮ ಕಾಕಾಗ ಹೆಂಡತಿ ಬಂದಿದ್ರ ಇದನ್ನ ಎಂದೋ ಬಾವಿಗೆ ಹಾಕಿರತಿದ್ಳು" ಎನ್ನುತ್ತಿದ್ದಳು.

ಆ ವರ್ಷ ಅವನು ಹೊಸ ವಿಮಾನವನ್ನು ಮಳೆಗಾಲದಲ್ಲಿ ಕಟ್ಟಿದ. ಗೋವಾದ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಆ ತೇವದಲ್ಲಿ ಅಂಟು ಒಣಗಿ, ಹಾಳೆ ಹೊದಿಸಿದ ಮೇಲೆ ಎಡರೆಕ್ಕೆ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡಿತ್ತು. ಅದು ನಮಗೆ ಗೊತ್ತಾದದ್ದು ಮಳೆ ನಿಂತು, ಮೈದಾನ ಒಣಗಿ, ಹಾರಿಸಲು ಹೋದ ಮೇಲೆ.

ಮೈದಾನವೆಂದರೆ ಕೈಗಾರಿಕಾ ವಸಾಹತಿನ ಹಿಂದಿನ ಗುಡ್ಡದ ತಲೆ. ಯಾವುದೋ ಕಾರ್ಖಾನೆಗಾಗಿ ಕೆಂಪು ಕಲ್ಲನ್ನು ಸಮ ಮಾಡಿಟ್ಟಿದ್ದರು, ಕಾರ್ಖಾನೆ ಬಂದಿರಲಿಲ್ಲ. ಕಾವಲಿಗೆ ಇಂಡಿ ಕಡೆಯ ಒಬ್ಬ ವಾಚ್‌ಮನ್ ಇದ್ದ. ನಾವು ಸ್ಕೂಟರಿನ ಹಿಂದೆ ವಿಮಾನ ಕಟ್ಟಿಕೊಂಡು ಬರುವುದು ಕಂಡರೆ ತನ್ನ ತಗಡಿನ ಕ್ಯಾಬಿನ್ನಿನಿಂದ ಹೊರಬರುತ್ತಿದ್ದ.

"ಏನ್ರಿ ಪೈಲಟ್ ಸಾಹೇಬ್ರ, ಇವತ್ತರ ಮ್ಯಾಲ ಹೊಕ್ಕೈತೋ, ಇಲ್ಲಾ ಮತ್ತ ನೆಲದಾಗ ಕುಣಿ ತೋಡತೈತೋ?"

"ಇಲ್ಲಿ ಕಾರ್ಖಾನಿ ಪಾಯಾ ತೋಡಾಕ ನನಗs ಗುತ್ತಿಗಿ ಕೊಟ್ಟಾರ್ರಿ," ಎನ್ನುತ್ತಿದ್ದ ಕಾಕಾ.

ವಿಮಾನದ ರೋಗ ಹುಡುಕುವುದರಲ್ಲಿ ಕಾಕಾನಿಗೆ ಒಂದು ಕ್ರಮವಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆಯುವ ಕೆಲಸ ನನ್ನದು, ಹಾರಿಸುವುದು ಅವನದು. ಮೊದಲ ಭಾನುವಾರ ವಿಮಾನ ಬಹಳ ಚಂಚಲವಾಗಿತ್ತು, ಸ್ಟಿಕ್ಕು ಮುಟ್ಟಿದರೆ ಸಾಕು ಕುಪ್ಪಳಿಸುತ್ತಿತ್ತು. ಎತ್ತರಕ್ಕೆ ಒಯ್ದು, ಓರೆಯಾಗಿ ಕೆಳಗಿಳಿಸಿ, ಸ್ಟಿಕ್ಕು ಬಿಟ್ಟು ನೋಡಿದ. ಮೂಗು ಭಾರವಾದ ವಿಮಾನ ಅಂಥ ಇಳಿತದಿಂದ ತಾನಾಗಿ ಮೇಲೆದ್ದುಬಿಡುತ್ತದೆ. ಇದು ಏಳಲಿಲ್ಲ, ಇನ್ನಷ್ಟು ಕಡಿದಾಗಿ ಕೆಳಗೆ ಹೋಯಿತು. "ಬಾಲ ಭಾರ ಆಗೈತಿ, ಬರ್ಕೊ," ಎಂದ. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಪೇಟೆಯಿಂದ ತಂದು ಮೂಗಿನೊಳಗೆ ಅಂಟಿಸಿದೆವು. ಮುಂದಿನ ಭಾನುವಾರ ಕುಪ್ಪಳಿಸುವುದು ನಿಂತಿತು. ಆದರೆ ಎಂಜಿನ್ ಜೋರು ಮಾಡಿದಾಗ ಮೂಗು ಏಳುತ್ತಿತ್ತು. ಎತ್ತರದಲ್ಲಿ ಎಂಜಿನ್ ತಗ್ಗಿಸಿ ನೋಡಿದ. ಏಳುವುದು ಬಹುಮಟ್ಟಿಗೆ ನಿಂತಿತು. ಹಾಗಾದರೆ ಎಂಜಿನ್ ಕೂತ ಕೋನ ತಪ್ಪು. ಅದರ ಹಿಂದೆ ಮೇಲ್ಬದಿಗೆ ವಾಶರ್ ಕೊಟ್ಟು, ಅದು ತುಸು ಕೆಳಗೆ ನೋಡುವಂತೆ ಮಾಡಿದ.

ಎಡಕ್ಕೆ ಮಗುಚುವ ಚಾಳಿ ಮಾತ್ರ ಹೋಗಲಿಲ್ಲ. ಎಂಜಿನ್ ಜೋರಿದ್ದರೂ ಎಡಕ್ಕೆ, ತಗ್ಗಿದ್ದರೂ ಎಡಕ್ಕೆ. ವಿಮಾನವನ್ನು ಮೂಗು ಮತ್ತು ಬಾಲದ ತುದಿಯಲ್ಲಿ ಹಿಡಿದು ನೇತುಹಾಕಿ ನೋಡಿದೆವು, ಎಡ ಬಲದ ತೂಕ ಸಮವಾಗಿತ್ತು. ಕೊನೆಗೆ ಕಾಕಾ ರೆಕ್ಕೆಯನ್ನು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಅದರ ಅಂಚನ್ನು ನೋಡಿದ. "ಮಳಿ ತಿಂದೈತಿ ಇದನ್ನ," ಎಂದ. ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ತಿದ್ದಿದ. ಸ್ವಲ್ಪ ತಿದ್ದಿತು, ಪೂರ್ತಿ ಅಲ್ಲ.

ಹಾಗೆ ಉಳಿದ ಸೊಟ್ಟಿಗೆ ಮದ್ದು ರಿಮೋಟಿನ ಆ ಚಿಕ್ಕ ಲಿವರುಗಳು. ಅವುಗಳಿಗೆ ಟ್ರಿಮ್ ಎನ್ನುತ್ತಾರೆ. ಸ್ಟಿಕ್ಕು ಮುಟ್ಟದೆಯೇ ರೆಕ್ಕೆಯ ಹಿಂದಂಚಿನ ಅಲುಗುವ ಪಟ್ಟಿಯೋ ಬಾಲದ ಪಟ್ಟಿಯೋ ಸದಾ ತುಸು ಒಂದು ಕಡೆ ಬಾಗಿರುವಂತೆ ಅವು ಇಡುತ್ತವೆ. ದಸರೆಯ ಹಿಂದಿನ ಭಾನುವಾರ ಕಾಕಾ ಹಾರಾಟದ ನಡುವೆಯೇ ಹೆಬ್ಬೆರಳಿನಿಂದ ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ಸರಿಸುತ್ತ ಹೋದ. ರೆಕ್ಕೆಯ ಲಿವರ್ ಬಲತುದಿಗೆ ಮುಟ್ಟಿತು, ಬಾಲದ್ದು ಮೂಗು ತಗ್ಗಿಸುವ ತುದಿಗೆ. ಆಗ ವಿಮಾನ ಮೊದಲ ಬಾರಿಗೆ ನೆಟ್ಟಗೆ ಹೋಯಿತು. ಕಾಕಾ ಎರಡೂ ಕೈಯನ್ನು ಸ್ಟಿಕ್ಕಿನಿಂದ ತೆಗೆದು ನನಗೆ ತೋರಿಸಿದ. ಅಷ್ಟು ಎತ್ತರದಲ್ಲಿ ಅದು ಯಾರ ಹಂಗೂ ಇಲ್ಲದೆ ಸಾಗುತ್ತಿತ್ತು. ವಾಚ್‌ಮನ್ ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡುತ್ತ ನಿಂತ.

ಆದರೆ ಲಿವರ್ ತುದಿಗೆ ತಾಗಿದರೆ ಮುಂದೆ ತಿದ್ದಲು ಜಾಗ ಉಳಿಯುವುದಿಲ್ಲ. ಅದಕ್ಕೆ ಕ್ರಮ ಬೇರೆ ಇದೆ. ಒಳಗಿನ ಮೋಟರಿನಿಂದ ಪಟ್ಟಿಗೆ ಹೋಗುವ ತಂತಿಯ ತುದಿಯಲ್ಲಿ ತಿರುಪಿನ ಒಂದು ಸಣ್ಣ ಕೊಂಡಿ ಇರುತ್ತದೆ. ಅದನ್ನು ತಿರುಗಿಸಿ ತಂತಿಯ ಉದ್ದ ಬದಲಿಸಿದರೆ, ಲಿವರ್ ನಡುವಿನಲ್ಲಿದ್ದರೂ ಪಟ್ಟಿ ಬೇಕಾದಷ್ಟು ಬಾಗಿಯೇ ಇರುತ್ತದೆ. ಇಳಿಸಿದ ಮೇಲೆ ಕಾಕಾ ನನಗೆ ಹೇಳಿದ:

"ಮಗಳ, ನನಗ ಈ ವಾರ ಡಬಲ್ ಡ್ಯೂಟಿ ಐತಿ. ನೀನs ಮಾಡಿಬಿಡು. ಮದಲ ಕೊಂಡಿ ನಟ್ ಸಡ್ಲ ಮಾಡಿ ಎರಡೆರಡು ಸುತ್ತು ತಿರುವು. ಆಮ್ಯಾಲೆ ಲಿವರ್ ನಡೂಕ ತಾ. ಮದಲ ಕೊಂಡಿ, ಆಮ್ಯಾಲೆ ಲಿವರ್. ತಿಳೀತಿಲ್ಲೋ?"

"ತಿಳೀತು ಕಾಕಾ. ಬಿ.ಎಸ್ಸಿ. ಆಗೇನಿ."

"ಅದಕ್ಕs ಎರಡು ಸಲ ಹೇಳಾಕತ್ತೇನಿ," ಎಂದು ನಕ್ಕ.

ಸೋಮವಾರ, ಮಂಗಳವಾರ ಟ್ಯೂಶನ್ ಮಕ್ಕಳ ಪರೀಕ್ಷೆ ಎಂದು ಮುಂದೆ ಹಾಕಿದೆ. ನಾನು ಇಕ್ಕಳ, ನಟ್ಟು ಬಿಚ್ಚುವ ಪಾನಾ ಹುಡುಕಿಕೊಂಡು ಕಾಕಾನ ಖೋಲಿಗೆ ಹೋದದ್ದು ಖಂಡೇ ಪೂಜೆಯ ದಿನ, ಆಯುಧಪೂಜೆಯ ನವಮಿಯ ಬೆಳಿಗ್ಗೆ. ಅಷ್ಟರಲ್ಲಿ ಅವ್ವ ಅವನ ಹತ್ಯಾರಗಳನ್ನೆಲ್ಲ ತೊಳೆದು ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿಬಿಟ್ಟಿದ್ದಳು. ಇಕ್ಕಳ, ಪಾನಾ, ಸ್ಕ್ರೂಡ್ರೈವರ್, ವರ್ನಿಯರ್, ನಮ್ಮ ಈಳಿಗೆಮಣೆ, ನನ್ನ ಭೌತಶಾಸ್ತ್ರದ ಪುಸ್ತಕ ಕೂಡ. ನಮ್ಮಲ್ಲಿ ಪೂಜೆಗೆ ಕೂತ ಹತ್ಯಾರವನ್ನು ಮಾರನೆಯ ದಿನ ದಸರೆಯ ಆರತಿಯಾಗುವ ತನಕ ಯಾರೂ ಮುಟ್ಟುವುದಿಲ್ಲ. ಆ ದಿನ ಅವ್ವ ಕಾಯಿಪಲ್ಲೆ ಹೆಚ್ಚುವುದಿಲ್ಲ; ಹಿಂದಿನ ದಿನವೇ ಹೆಚ್ಚಿಟ್ಟದ್ದನ್ನು ಮಾಡುತ್ತಾಳೆ.

"ಒಂದ ಐದು ಮಿನಿಟು ಅವ್ವ, ಇಕ್ಕಳ ತಗೊಂಡು ಮತ್ತ ಅಲ್ಲೇ ಇಡತೇನಿ."

"ಏನ ಹುಡುಗಿ ನೀ. ವರ್ಸಾನಗಟ್ಲೆ ಅವು ದುಡೀತಾವು, ಒಂದ ದಿನ ಕುಂದರಾಕ ಬಿಡೂದಿಲ್ಲೇನ? ನಾಳೆ ಆರತಿ ಆದಮ್ಯಾಲೆ ಬೇಕಾದ್ದ ಮಾಡ್ಕೊ. ಈಗ ಆ ವಿಮಾನ, ಆ ರೇಡಿಯೋ ಡಬ್ಬಿ ಒರಸಿಕೊಡು. ಅವನ್ನೂ ಪೂಜಾಕ್ಕ ಇಡೂಣು."

ನಾನು ಒದ್ದೆ ಬಟ್ಟೆ ಹಿಂಡಿ ವಿಮಾನವನ್ನು ಒರೆಸಿದೆ. ರಿಮೋಟನ್ನು ಒರೆಸಿದೆ. ಸ್ಟಿಕ್ಕಿನ ಸುತ್ತಲಿನ ಸಂದಿಯಲ್ಲಿ ಕೆಂಪು ಧೂಳು ಕೂತಿತ್ತು, ಅದನ್ನು ತೆಗೆಯಲು ಲಿವರುಗಳನ್ನು ಸರಿಸಬೇಕಾಯಿತು. ಸರಿಸಿದ ಮೇಲೆ, ಹೇಗೂ ನಾಳೆ ನಡುವಿಗೆ ತರಬೇಕಾದದ್ದೇ ಅಲ್ಲವೇ ಎಂದು, ಎರಡನ್ನೂ ನಡುವಿನ ಗೆರೆಗೆ ಸರಿಯಾಗಿ ನಿಲ್ಲಿಸಿದೆ. ನೋಡಲು ಅಚ್ಚುಕಟ್ಟಾಗಿ ಕಂಡಿತು. ಅವ್ವ ಅದರ ಹಣೆಗೆ ಕುಂಕುಮವಿಟ್ಟಳು. ಕೊಂಡಿ ತಿರುಗಿಸುವುದನ್ನು ನಾಳೆ ಮುಂಜಾನೆ ಆರತಿಯಾದ ಕೂಡಲೇ ಮಾಡುವುದೆಂದು ಇಟ್ಟುಕೊಂಡೆ. ಮೊದಲು ಮಾಡಬೇಕಾದದ್ದು ನಂತರಕ್ಕೆ ಹೋಯಿತು, ನಂತರದ್ದು ಮೊದಲಾಯಿತು. ಅದರಲ್ಲಿ ಅಪಾಯವಿದೆಯೆಂದು ಆಗ ಒಂದು ಕ್ಷಣವೂ ಅನಿಸಲಿಲ್ಲ.

ದಸರೆಯ ಮುಂಜಾನೆ ಎಲ್ಲವೂ ಕಾಕಾನ ಗಡಿಬಿಡಿಯಲ್ಲಿ ನಡೆಯಿತು. ಅವನು ರಾತ್ರಿಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಆರತಿಗೆ ನಿಂತ. ದಸರೆಯ ದಿನ ಸೀಮೋಲ್ಲಂಘನ, ಊರ ಗಡಿ ದಾಟಿ ಬರಬೇಕು. ಪೂಜೆಯಾದ ಗಾಡಿಯನ್ನೂ ಒಂದು ಸುತ್ತು ಓಡಿಸಿ ತರುವುದು ರೂಢಿ. ಹಾಗಿದ್ದ ಮೇಲೆ ವಿಮಾನವೂ ಇವತ್ತು ಹಾರಲೇಬೇಕೆಂದು ಅವನ ಹಟ. ಜೊತೆಗೆ ಅವ್ವನೂ ಬರಬೇಕು. ಅವಳು ಅಲ್ಲಿಯವರೆಗೆ ಆ ಮೈದಾನಕ್ಕೆ ಒಮ್ಮೆಯೂ ಬಂದವಳಲ್ಲ.

"ನನ್ನ ಮೊಣಕಾಲ ಏನ ಗುಡ್ಡಾ ಏರತಾವೇನ್ರಿ?"

"ರಿಕ್ಷಾ ತರತೇನ್ರಿ ವೈನಿ. ಕುರ್ಚಿ ಹಾಕಿ ಕುಂದರಸತೇನಿ. ನೀವು ನೋಡಿ ಚಲೋ ಐತಿ ಅಂದ್ರ ಸಾಕು ನನಗ."

ಆರತಿಯಾದದ್ದೇ ತಡ, ಅವನು ವಿಮಾನವನ್ನೂ ರಿಮೋಟನ್ನೂ ಎತ್ತಿ ಸ್ಕೂಟರಿಗೆ ಕಟ್ಟಿ ಹೊರಟುಬಿಟ್ಟ. ನಾನು ಅವ್ವನ ಸೀರೆಯ ನೆರಿಗೆ ಹಿಡಿದು, ಬನ್ನಿ ಎಲೆಯ ತಟ್ಟೆ ಹಿಡಿದು, ಅವಳನ್ನು ರಿಕ್ಷಾ ಹತ್ತಿಸುತ್ತಿದ್ದೆ. ಇಕ್ಕಳ ಮಣೆಯ ಮೇಲೆ ಹೂವಿನ ಕೆಳಗೇ ಉಳಿಯಿತು.

ಮೈದಾನದಲ್ಲಿ ವಾಚ್‌ಮನ್ ಹೊಸ ಅಂಗಿ ತೊಟ್ಟಿದ್ದ. ತನ್ನ ಪ್ಲಾಸ್ಟಿಕ್ ಕುರ್ಚಿ ಕೊಟ್ಟ. ಕಾಕಾ ನಿಲ್ಲುವ ಜಾಗದ ಹಿಂದೆ ಹಾಕಿದರೆ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಎಡಗಡೆ ಮುಂದೆ, ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಗೋಡಂಬಿ ಮರವಿತ್ತು. ಅದರ ನೆರಳಿಗೆ ಕುರ್ಚಿ ಒಯ್ದು ಹಾಕಿದವಳು ನಾನೇ. ಕಾಕಾ ನೋಡಿ, "ಸ್ವಲ್ಪ ಹಿಂದ ಸರಸs," ಎಂದ. ಅವ್ವ, "ಇಲ್ಲೇ ತಂಪೈತಿ, ಇರ್ಲಿ ಬಿಡ್ರಿ," ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಕಾಕಾ ವಿಮಾನದ ಹಿಂದೆ ಕೂತು ಸ್ಟಿಕ್ಕು ಅಲುಗಿಸಿ ಪಟ್ಟಿಗಳನ್ನು ನೋಡಿದ. ಎಲ್ಲವೂ ಎಡ ಬಲಕ್ಕೆ ಸರಿಯಾಗಿ ಆಡಿದವು. ಕೈ ಬಿಟ್ಟಾಗ ನೆಟ್ಟಗೆ ನಿಂತವು. ಅಲ್ಲೇ ತಪ್ಪು ಇದ್ದದ್ದು. ಕೊಂಡಿ ತಿರುಗಿಸಿದ್ದರೆ ಅವು ನೆಟ್ಟಗೆ ನಿಲ್ಲಬಾರದಿತ್ತು, ತುಸು ಬಾಗಿರಬೇಕಿತ್ತು, ಬೆಂಕಿಕಡ್ಡಿಯ ದಪ್ಪದಷ್ಟು. ಪಾಳಿ ಮುಗಿಸಿ ನಿದ್ದೆಯಿಲ್ಲದ ಕಣ್ಣಿಗೆ ನೆಟ್ಟಗಿದ್ದದ್ದು ಸರಿಯಾಗಿ ಕಂಡಿತು. ಅವನು ರಿಮೋಟನ್ನು ನೋಡಿ, ಲಿವರನ್ನು ಉಗುರಿನಿಂದ ತಟ್ಟಿ, "ನಡೂಕ ತಂದೀ. ಭೇಷ್ ಮಾಡ್ದಿ," ಎಂದ.

ನನ್ನ ಇಷ್ಟು ವರ್ಷಗಳು ಆ ಮಾತಿಗೆ ಬಂದು ನಿಲ್ಲುತ್ತವೆ. ಅವನು ಅದನ್ನು ಅಂದಾಗ ನನಗೆ ನೆನಪಾಯಿತೇ? ಏನೋ ಒಂದು ಒಳಗೆ ಸರಿದದ್ದು ನಿಜ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎನಿಸುವ ಹಾಗೆ. ಅಷ್ಟರಲ್ಲಿ ಅವ್ವ, "ಏ, ನನ್ನ ಚಷ್ಮಾ ಎಲ್ಲಿಟ್ಟಿ?" ಎಂದು ಕೂಗಿದಳು. ನಾನು ಚೀಲದಲ್ಲಿ ಕೈ ಹಾಕಿ ಹುಡುಕಿ, ಓಡಿಹೋಗಿ ಕೊಟ್ಟು ಬಂದೆ. ಬರುವಷ್ಟರಲ್ಲಿ ಎಂಜಿನ್ ಶುರುವಾಗಿತ್ತು. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ನೆನಪಾಗಿದ್ದು ಸುಮ್ಮನಿದ್ದೆನೋ, ನೆನಪಾಗುವ ಮೊದಲೇ ಸದ್ದು ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದೊಂದು ಸಲ ಒಂದೊಂದು ರೀತಿ ಕಾಣುತ್ತದೆ.

ಬೇರೆ ದಿನಗಳಲ್ಲಿ ಕಾಕಾ ನಿಧಾನವಾಗಿ ಎಂಜಿನ್ ಏರಿಸಿ, ಉದ್ದ ಓಡಿಸಿ, ನೆಲಕ್ಕೆ ಹತ್ತಿರವೇ ಬಿಟ್ಟು ಆಮೇಲೆ ಏರಿಸುತ್ತಿದ್ದ. ಅವತ್ತು ಅವ್ವ ನೋಡುತ್ತಿದ್ದಳು. ಪೂರ್ತಿ ಜೋರು ಕೊಟ್ಟು ಬಿಟ್ಟ. ವಿಮಾನ ಹತ್ತಿಪ್ಪತ್ತು ಹೆಜ್ಜೆ ಓಡಿ, ಕುದುರೆ ಮುಂಗಾಲೆತ್ತಿದ ಹಾಗೆ ಮೂಗೆತ್ತಿ ಎದ್ದಿತು. ಎದ್ದದ್ದೇ ಎಡಕ್ಕೆ ವಾಲಿತು. ಕಾಕಾ ಸ್ಟಿಕ್ಕನ್ನು ಬಲಕ್ಕೆ ಒತ್ತಿದ. ಅಷ್ಟು ಕಡಿದಾಗಿ ಏರಿ ವೇಗ ಕಳೆದುಕೊಂಡ ವಿಮಾನಕ್ಕೆ ಬಲಕ್ಕೆ ಒತ್ತಿದರೆ ಎಡರೆಕ್ಕೆ ಇನ್ನಷ್ಟು ಕುಸಿಯುತ್ತದೆ. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಎಂಜಿನ್ ತಗ್ಗಿಸಿ ಮೂಗನ್ನು ಕೆಳಗೆ ಮಾಡಬೇಕು. ಹಿಂದಿನ ಭಾನುವಾರಗಳಲ್ಲಿ ಇದೇ ಚಾಳಿಯನ್ನು ಅವನ ಕೈ ಕಾದುಕೊಂಡಿತ್ತು, ತಕ್ಷಣ ಹಿಡಿದಿತ್ತು. ಇವತ್ತು ಆ ಕೈ ತಿದ್ದಿದ ವಿಮಾನವನ್ನು ನಂಬಿತ್ತು.

ಒಂದು ರೆಕ್ಕೆ ಆಕಾಶಕ್ಕೆ, ಒಂದು ರೆಕ್ಕೆ ನೆಲಕ್ಕೆ. ಹಾಗೆ ಅದು ಗೋಡಂಬಿ ಮರದ ಕಡೆ ತಿರುಗಿತು. ಎಂಜಿನ್ ಪೂರ್ತಿ ಜೋರಿನಲ್ಲಿ ಕಿರುಚುತ್ತಿತ್ತು. ನಾನು ಓಡಲಿಲ್ಲ, ಕೂಗಲಿಲ್ಲ. ನನ್ನ ಬಲಗೈ ಮುಂದೆ ಚಾಚಿತ್ತು, ಅಷ್ಟೇ, ಮೂವತ್ತು ಹೆಜ್ಜೆ ದೂರದಲ್ಲಿರುವುದನ್ನು ಹಿಡಿಯುವವಳ ಹಾಗೆ. ಕುರ್ಚಿಯಲ್ಲಿ ಅವ್ವ ಕೂತಿದ್ದಳು. ಮಡಿಲಿನ ತಟ್ಟೆ ಜಾರಿ ಬನ್ನಿ ಎಲೆ ಬಿದ್ದಿತ್ತು, ಅದನ್ನು ಎತ್ತಿಕೊಳ್ಳಲು ಮುಂದಕ್ಕೆ ಬಾಗಿದಳು. ಅವಳು ಮೇಲೆ ನೋಡುತ್ತಲೇ ಇರಲಿಲ್ಲ.

ವಿಮಾನ ಅವಳಿಂದ ಎರಡು ಮಾರು ದೂರದಲ್ಲಿ ರೆಕ್ಕೆಯ ತುದಿ ನೆಲಕ್ಕೆ ತಾಗಿಸಿ, ಪಲ್ಟಿ ಹೊಡೆದು, ಒಡೆಯಿತು. ಸದ್ದು ಒಮ್ಮೆಗೇ ನಿಂತಿತು. ಕೆಂಪು ಧೂಳು ಇಳಿಯುವವರೆಗೆ ಕುರ್ಚಿ ಕಾಣಲಿಲ್ಲ. ಧೂಳಿನ ಒಳಗಿನಿಂದ ಅವ್ವನ ದನಿ ಬಂತು.

"ಇಷ್ಟ ಲಗೂನ ಇಳದುಬಿಡ್ತೇನ್ರಿ?"

ಅವಳಿಗೆ ಏನೂ ಆಗಿರಲಿಲ್ಲ. ಮುರಿದ ಪಂಖದ ಒಂದು ತುಂಡು, ಬೆರಳುದ್ದದ್ದು, ಕುರ್ಚಿಯ ಬೆನ್ನಿನಲ್ಲಿ ಸಿಕ್ಕಿಕೊಂಡಿತ್ತು. ಬಾಗದೆ ಒರಗಿ ಕೂತಿದ್ದರೆ ಅವಳ ಎದೆ ಇರಬೇಕಾಗಿದ್ದ ಎತ್ತರದಲ್ಲಿ. ವಾಚ್‌ಮನ್ ಅದನ್ನು ಕಿತ್ತು ಕಾಕಾನ ಕೈಗೆ ಕೊಟ್ಟ. ಕಾಕಾ ಆ ತುಂಡನ್ನು ಹಿಡಿದು ನಿಂತೇ ಇದ್ದ. ರಿಮೋಟು ಇನ್ನೂ ಅವನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಎಂಜಿನ್ ಏರಿಸಿ ತಗ್ಗಿಸುವ ಎಡ ಸ್ಟಿಕ್ಕು ಪೂರ್ತಿ ಜೋರಿನ ತುದಿಯಲ್ಲೇ ಇತ್ತು. ಅವನು ಅದನ್ನು ಆಗ ನೋಡಿದ. ನಾನೂ ನೋಡಿದೆ.

ಮರುದಿನದಿಂದ ಅವನು ರೋಗ ಹುಡುಕತೊಡಗಿದ. ಒಡೆದ ಚೂರುಗಳನ್ನು ನಮ್ಮ ಖೋಲಿಯ ನೆಲದ ಮೇಲೆ ವಿಮಾನದ ಆಕಾರದಲ್ಲಿ ಹರಡಿದ. ಬ್ಯಾಟರಿ ಅಳೆದ, ಸರಿಯಿತ್ತು. ಸೀಸದ ಗುಂಡು ಎಣಿಸಿದ, ಅಷ್ಟೇ ಇದ್ದವು. ಎಂಜಿನ್ ಹಿಂದಿನ ವಾಶರ್ ಜಾಗದಲ್ಲಿತ್ತು. ತಂತಿಗಳು ಸೊಟ್ಟಗಾಗಿ, ಒಂದು ಕೊಂಡಿ ಮುರಿದು, ಅವು ಎಷ್ಟು ತಿರುಗಿದ್ದವೆಂದು ನೋಡಿ ಹೇಳುವಂತಿರಲಿಲ್ಲ. ನಾನು ಎಂದಿನಂತೆ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಕೊಂಡಿ ಎಷ್ಟು ಸುತ್ತು ತಿರುವಿದಿ?" ಎಂದು ಕೇಳಿದ, ಮುಖ ಎತ್ತದೆ.

ಉತ್ತರ ನನ್ನ ಬಾಯಲ್ಲಿತ್ತು. ಇಕ್ಕಳ ಪೂಜೆಯಲ್ಲಿತ್ತು ಎನ್ನಬೇಕಿತ್ತು. ಹಾಗೆಂದರೆ, ಹತ್ಯಾರ ಮುಟ್ಟಬೇಡ ಎಂದು ತಡೆದ ತಾನೇ ಆ ವಿಮಾನವನ್ನು ತನ್ನ ಎದೆಯ ಮೇಲೆ ಬರಮಾಡಿಕೊಂಡೆ ಎಂದು ಬಾಗಿಲಲ್ಲಿ ಕೂತ ಅವ್ವನಿಗೆ ಅನಿಸುತ್ತಿತ್ತು. ಅವ್ವನನ್ನು ಕಾಯಲು ಎಂದು ನಾನು ಇಷ್ಟು ದಿನ ಹೇಳಿಕೊಂಡಿದ್ದೇನೆ. ನನ್ನನ್ನು ಕಾಯಲು ಎಂಬುದೇ ಹೆಚ್ಚು ನಿಜವಿರಬೇಕು.

"ಎರಡೆರಡು. ನೀ ಹೇಳಿದಂಗ," ಎಂದೆ.

"ಬರ್ಕೊ," ಎಂದ. ನಾನೇ ಬರೆದೆ. ಕೊಂಡಿ, ಎರಡೆರಡು ಸುತ್ತು, ಸರಿಯಿದೆ.

ಕ್ರಮ ಬಲ್ಲ ಮನುಷ್ಯನಿಗೆ ಆ ಒಂದು ಸಾಲು ಸಾಕಾಗಿತ್ತು. ಅವನು ಒಂದೊಂದನ್ನೇ ಹೊಡೆದುಹಾಕುತ್ತ ಹೋದ. ತೂಕವಲ್ಲ, ಎಂಜಿನ್ ಅಲ್ಲ, ಬ್ಯಾಟರಿಯಲ್ಲ, ಟ್ರಿಮ್ ಅಲ್ಲ. ಗಾಳಿಯೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಪಟ್ಟಿಯಲ್ಲಿ ಉಳಿದದ್ದು ಒಂದೇ. ಒಂದು ಸಂಜೆ ಊಟಕ್ಕೆ ಕೂತವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತನ್ನ ಕೈಯನ್ನು ತಿರುವಿ ನೋಡಿದ.

"ಕೈ ಬಿಡಬೇಕಾದಾಗ ಬಿಡಲಿಲ್ಲ ನೋಡ್ರಿ ವೈನಿ. ಬಟ್ಟು ಹಂಗs ನಿಂತುಬಿಟ್ಟಾವು. ವಯಸ್ಸಾತು."

"ಐವತ್ತೆರಡಕ್ಕ ಏನ ವಯಸ್ಸರಿ? ಉಣ್ರಿ ಸುಮ್ನ."

ಅವ್ವ ಆ ಚೂರುಗಳನ್ನು ಬಚ್ಚಲ ಒಲೆಗೆ ಹಾಕಿದಳು. ನೀರು ಕಾಯುವ ಮೊದಲೇ ಉರಿದುಹೋಯಿತಂತೆ, ಅಷ್ಟು ಹಗುರ. ತಂತಿ, ಕೊಂಡಿ ಗುಜರಿಗೆ ಹೋದವು. ಎಂಜಿನ್ನನ್ನೂ ರಿಮೋಟನ್ನೂ ಕಾಕಾ ಬೆಳಗಾವಿಯ ಒಬ್ಬ ಪರಿಚಯದವರಿಗೆ ಕೊಟ್ಟುಬಿಟ್ಟ. ಆಮೇಲೆ ಸ್ಕೂಟರ್ ಬಿಟ್ಟ. ಕೂಡುರಸ್ತೆಯಲ್ಲಿ ಬ್ರೇಕ್ ಒತ್ತಬೇಕಾದಾಗ ಕೈ ಒತ್ತುತ್ತದೋ ಇಲ್ಲವೋ ಎಂಬ ಭಯವಂತೆ. ದಿನಾ ಅವನನ್ನು ಕಾರ್ಖಾನೆಗೆ ಬಿಟ್ಟು ಕರೆತರುವುದು ನನ್ನ ಪಾಲಿಗೆ ಬಂತು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಗೇಟಿನಿಂದ ಹೊರಬಂದವನ ಅಂಗಿಯ ಮೇಲೆ ಎಣ್ಣೆಯ ಕಲೆ ಇರಲಿಲ್ಲ. ಲೇತ್ ಬೇಡವೆಂದು ತಾನೇ ಕೇಳಿಕೊಂಡು ಸ್ಟೋರಿಗೆ ಹೋಗಿದ್ದ. ಬೋಲ್ಟಿನ ಡಬ್ಬಿಗಳ ಮೇಲೆ ಚೀಟಿ ಅಂಟಿಸುವ ಕೆಲಸ.

ಅವತ್ತು ನಾನು ಸ್ಕೂಟರ್ ಶುರು ಮಾಡಲಿಲ್ಲ. ಗೇಟಿನ ಪಕ್ಕದ ಚಹಾದ ಗಾಡಿಯ ಹತ್ತಿರ ಅವನನ್ನು ನಿಲ್ಲಿಸಿ ಎಲ್ಲ ಹೇಳಿದೆ. ನವಮಿಯ ಬೆಳಿಗ್ಗೆ, ಇಕ್ಕಳ, ಒದ್ದೆ ಬಟ್ಟೆ, ಲಿವರ್, ಆ ಸುಳ್ಳು. ಅವನು ಚಹಾ ಆರಿಸುತ್ತ ಕೇಳಿದ.

"ನೀ ಎರಡೆರಡು ಸುತ್ತು ಅಂತ ಬರದೀಯಲ್ಲ."

"ಸುಳ್ಳು ಬರದೇನಿ ಕಾಕಾ."

"ನಾ ಹಾರ್ಸೂಕ್ಕಿಂತ ಮದಲ ನೋಡೇನಿ. ಪಟ್ಟಿ ಎಲ್ಲಾ ನೆಟ್ಟಗ ಇದ್ದುವು."

"ನೆಟ್ಟಗ ಇದ್ದದ್ದs ತಪ್ಪು. ಬಾಗಿರಬೇಕಾಗಿತ್ತು. ನೀ ಕಲಿಸಿದ್ದs ಅದು."

ಅವನು ಲೋಟದಿಂದ ಮುಖವೆತ್ತಿ ನನ್ನನ್ನು ನೋಡಿದ. ಮುಖದ ಮೇಲೆ ಏನೋ ಬಂದು ಹೋಯಿತು. ಅರ್ಥವಾಯಿತು, ಇನ್ನು ಬಿಡುಗಡೆ ಎಂದು ನಾನು ಅಂದುಕೊಂಡೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ.

"ನನ್ನ ಸಲುವಾಗಿ ಸುಳ್ಳು ಹೇಳಾಕ ಬಂದೀಯಲ್ಲ. ಓದಿಸಿದ್ದಕ್ಕ ಭಾಳ ಆತು."

"ಇದು ಖರೇ ಕಾಕಾ. ಆವತ್ತಿಂದು ಸುಳ್ಳು."

"ಆತು, ಖರೇನs ಅನ್ನು. ಹಂಗಿದ್ರೂ ನೋಡೂದು ಹಾರ್ಸೂವನ ಕೆಲಸ. ಇಂಜಿನ್ ತಗ್ಗಸಬೇಕಾಗಿತ್ತು, ತಗ್ಗಸಲಿಲ್ಲ. ಅದನ್ನ ನೀ ಮಾಡಿಲ್ಲ, ಇಕ್ಕಳಾನೂ ಮಾಡಿಲ್ಲ." ಲೋಟ ಕೆಳಗಿಟ್ಟ. "ವೈನಿ ಮುಂದ ಈ ಪೂಜಾದ ಮಾತ ಆಡಬ್ಯಾಡ. ಅಕಿ ಮುಂದಿನ ವರ್ಸ ಹತ್ಯಾರಕ್ಕ ಕುಂಕುಮಾ ಹಚ್ಚಾಕ ಅಂಜತಾಳ."

ನನಗೆ ತೋರಿಸಲು ಏನೂ ಉಳಿದಿರಲಿಲ್ಲ. ಕಟ್ಟಿಗೆ ಬೂದಿಯಾಗಿತ್ತು, ಕೊಂಡಿ ಗುಜರಿಯಲ್ಲಿತ್ತು. ಬರೆದಿಟ್ಟ ಒಂದೇ ದಾಖಲೆ ನನ್ನ ಅಕ್ಷರದಲ್ಲಿ ನನ್ನ ವಿರುದ್ಧವೇ ಹೇಳುತ್ತಿತ್ತು. ಅವನು ನಂಬಲಿಲ್ಲವೋ, ನಂಬಿಯೂ ನನ್ನನ್ನು ಮನ್ನಿಸಿಬಿಟ್ಟನೋ, ನನಗೆ ತಿಳಿಯಲಿಲ್ಲ. ಆಮೇಲೆ ಇನ್ನೆರಡು ಸಲ ಹೇಳಿನೋಡಿದೆ. ಎರಡು ಸಲವೂ ಅವನು ಮಾತು ತಿರುಗಿಸಿದ. ಲೇತಿನ ಹತ್ತಿರ ಅವನು ಮತ್ತೆ ಹೋಗಲಿಲ್ಲ. ಆರು ವರ್ಷ ಸ್ಟೋರಿನಲ್ಲೇ ಕಳೆದು ನಿವೃತ್ತನಾದ.

ಈಗಲೂ ದಸರೆಗೆ ಬನ್ನಿ ಕೊಡಲು ಚಾಳಿನವರು ಬಂದರೆ ಅವ್ವ ಆ ಕಥೆ ಹೇಳುತ್ತಾಳೆ. ಅವಳಿಗೆ ಅದು ಸಂತೋಷದ ಕಥೆ. ತನಗೆ ಒಂದಿಷ್ಟೂ ಅಂಜಿಕೆಯಾಗಲಿಲ್ಲ ಎನ್ನುತ್ತಾಳೆ. ಬಂದವರು ನಗುತ್ತಾರೆ. ಯಾರಾದರೂ, "ಹಂಗ್ಯಾಕ ಬಿತ್ರಿ ಅದು?" ಎಂದು ಕಾಕಾನನ್ನು ಕೇಳಿಯೇ ಕೇಳುತ್ತಾರೆ.

"ನನ್ನ ಕೈ ತಪ್ಪಿತ್ರಿ," ಎನ್ನುತ್ತಾನೆ ಅವನು, ಆರಾಮಾಗಿ, ಎಷ್ಟೋ ಸಲ ಹೇಳಿ ರೂಢಿಯಾದವನ ಹಾಗೆ. ನಾನು ಒಬ್ಬೊಬ್ಬರಿಗೆ ಫಳಾರದ ತಾಟು ಕೊಡುತ್ತ ಹೋಗುತ್ತೇನೆ. ಅವನ ಸರದಿ ಬಂದಾಗ ಅವನು ಎರಡೂ ಕೈ ಚಾಚಿ ತಾಟನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ಅದು ತನ್ನ ಕೈಯಲ್ಲಿ ಭದ್ರವಾಗಿ ಕೂತಿತೆಂದು ನೋಡಿಕೊಂಡ ಮೇಲೆಯೇ ನನಗೆ ಬಿಡಲು ಹೇಳುತ್ತಾನೆ.